ರೈಲು ಬಿಟ್ಟ ದಾರಿಯಲ್ಲಿ ಸೈಕಲ್ ಸವಾರಿ

ನನ್ನಾಕೆ ಸೈಕಲ್ ಹತ್ತಿ ಮೂವತ್ತೈದು ವರ್ಷಗಳಾಗಿದ್ದವು. ಸಾಗರದಲ್ಲಿ ಹುಡುಗಿಯಾಗಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಕಲಿತವಳು. ಮದುವೆಯಾದ ಮೇಲೆ ಸೈಕಲ್ ಇರಲಿ, ಸ್ಕೂಟರಿನ ಹಿಂದಿನ ಸೀಟಿನಲ್ಲೂ ಕಣ್ಣು ಮುಚ್ಚಿಯೇ ಕೂರುತ್ತಿದ್ದಳು. ಅಂಥವಳು ಅಮೆರಿಕದ ಪೆನ್ಸಿಲ್ವೇನಿಯಾದ ಮಯರ್ಸ್‌ಡೇಲ್ ಎಂಬ ಸಣ್ಣ ಊರಿನಲ್ಲಿ, ಅಕ್ಟೋಬರ್ ತಿಂಗಳ ಚಳಿಯಲ್ಲಿ, ಚೂಡಿದಾರದ ಮೇಲೆ ಮಗನ ಜಾಕೆಟ್ ತೊಟ್ಟು, "ರೀ, ನೀವು ಮುಂದೆ ಹೋಗಿ. ನಾನು ಬಿದ್ದರೆ ನೀವು ನೋಡಬಾರದು" ಎಂದಳು.

ಮಗ ಪಿಟ್ಸ್‌ಬರ್ಗ್‌ನಲ್ಲಿ ಓದುತ್ತಿದ್ದಾನೆ. ನಾನು ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾದ ಹೈಸ್ಕೂಲು ಮೇಷ್ಟ್ರು. ಅವನು ಪಿಎಚ್.ಡಿ.ಗೆ ಸೇರಿದ ಸುದ್ದಿಯನ್ನು ನಮ್ಮೂರಿನಲ್ಲಿ ಕೇಳದಿದ್ದವರಿಗೂ ಹೇಳಿದ್ದೆ. ಈ ಸವಾರಿಯ ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ಅವನು, "ಅಪ್ಪಾ, ನಾನು ಎಂ.ಎಸ್.ಗೇ ನಿಲ್ಲಿಸುತ್ತೇನೆ. ಸಂಶೋಧನೆ ನನಗೆ ಒಗ್ಗುತ್ತಿಲ್ಲ" ಎಂದ. ನಾನು ಅನ್ನ ಕಲೆಸುವುದನ್ನು ನಿಲ್ಲಿಸಿ ಎದ್ದೆ. ಬೆಳಿಗ್ಗೆ ಎರಡು ಗಂಟೆಯ ಕಾರಿನ ದಾರಿಯಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತು ಒಂದೇ: "ಹೀಟರ್ ಸಾಕಾ?" "ಸಾಕು." ಬಾಡಿಗೆ ಸೈಕಲ್ಲುಗಳನ್ನು ಇಳಿಸಿಕೊಟ್ಟು, ದಾರಿಯ ಕೊನೆಯಲ್ಲಿರುವ ಕಂಬರ್ಲೆಂಡ್‌ನಲ್ಲಿ ಕಾಯುತ್ತೇನೆಂದು ಹೇಳಿ ಅವನು ಹೊರಟುಹೋದ.

ನಾವು ಹಿಡಿದ ದಾರಿಯ ಹೆಸರು ಗ್ರೇಟ್ ಅಲಿಗೇನಿ ಪ್ಯಾಸೇಜ್. ಪಿಟ್ಸ್‌ಬರ್ಗ್‌ನಿಂದ ಮೇರಿಲ್ಯಾಂಡ್ ರಾಜ್ಯದ ಕಂಬರ್ಲೆಂಡ್‌ವರೆಗೆ 150 ಮೈಲಿ. ಇದರ ಬಹುಭಾಗ ಹಿಂದೆ ರೈಲುದಾರಿಯಾಗಿತ್ತು. ವೆಸ್ಟರ್ನ್ ಮೇರಿಲ್ಯಾಂಡ್ ಎಂಬ ಕಂಪನಿ 1912ರಲ್ಲಿ ಈ ಬೆಟ್ಟಗಳನ್ನು ಕೊರೆದು ಹಳಿ ಹಾಕಿತು. 1975ರಲ್ಲಿ ಈ ಮಾರ್ಗವನ್ನು ಕೈಬಿಡಲಾಯಿತು. ಹಳಿ ಹೋಯಿತು, ಬೆಟ್ಟ ಕಡಿದು ಹದ ಮಾಡಿದ ನೆಲ, ಸೇತುವೆಗಳು, ಸುರಂಗಗಳು ಉಳಿದವು. 1986ರಲ್ಲಿ ಒಹಾಯೊಪೈಲ್ ಎಂಬಲ್ಲಿ ಸೈಕಲ್ಲಿಗೆಂದು ಮೊದಲ ತುಂಡು ತೆರೆಯಿತು. ಅಲ್ಲಿಂದ ಮುಂದೆ ತುಂಡು ತುಂಡಾಗಿ ಜೋಡಿಸುತ್ತ ಹೋಗಿ, ಪಿಟ್ಸ್‌ಬರ್ಗ್‌ವರೆಗೆ ಪೂರ್ತಿಯಾದದ್ದು 2013ರಲ್ಲಿ. ವಿಸ್ಕಾನ್ಸಿನ್ ರಾಜ್ಯದಲ್ಲಿ 1967ರಷ್ಟು ಹಿಂದೆಯೇ ಇಂಥದೊಂದು ದಾರಿ ತೆರೆದಿತ್ತು. 1983ರಲ್ಲಿ ಬಂದ ಕಾನೂನು ತಿದ್ದುಪಡಿಯೊಂದು ಇನ್ನೂ ಚೆನ್ನ: ರೈಲು ನಿಂತ ಮಾರ್ಗವನ್ನು ಹಂಚಿ ಹಾಳುಮಾಡದೆ ಜನರ ಓಡಾಟಕ್ಕೆ ಬಿಡಬಹುದು, ಮುಂದೆಂದಾದರೂ ರೈಲು ಬೇಕೆನಿಸಿದರೆ ಮತ್ತೆ ಹಳಿ ಹಾಕಬಹುದು.

ಮಯರ್ಸ್‌ಡೇಲ್‌ನ 1912ರ ರೈಲು ನಿಲ್ದಾಣ ಈಗ ಪ್ರವಾಸಿಗರ ಮಾಹಿತಿ ಕೇಂದ್ರ. ಅದರ ಮುಂದಿನಿಂದಲೇ ಹೊರಟೆವು. ಸುಣ್ಣದ ಕಲ್ಲಿನ ಪುಡಿ ಹಾಸಿ ಗಟ್ಟಿಮಾಡಿದ ದಾರಿ. ಕಾರು, ಲಾರಿಗಳ ಕಾಟವಿಲ್ಲ. ಹಿಂದಿನಿಂದ ಬರುವವರು ಗಂಟೆ ಬಾರಿಸಿ, ಎಡಗಡೆಯಿಂದ ಬರುತ್ತಿದ್ದೇವೆಂದು ಹೇಳಿ ದಾಟುತ್ತಾರೆ. ನನ್ನಾಕೆ ಮೊದಲ ಅರ್ಧ ಮೈಲಿ ಹಾವಿನಂತೆ ಹೋದಳು. ಆಮೇಲೆ ನನ್ನನ್ನೇ ಹಿಂದೆ ಹಾಕಿದಳು.

ಎರಡೂ ಬದಿಯಲ್ಲಿ ಕಾಡು. ಮೇಪಲ್ ಮರಗಳು ಕುಂಕುಮದಂತೆ ಕೆಂಪಗೆ, ಬೇರೆ ಮರಗಳು ಅರಿಸಿನದಂತೆ ಹಳದಿ, ಓಕ್ ಮರಗಳು ಸುಟ್ಟ ಇಟ್ಟಿಗೆಯ ಬಣ್ಣ. ಎಲೆಯ ಹಸುರಿಗೆ ಕಾರಣ ಪತ್ರಹರಿತ್ತು ಎಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಹಗಲು ಮೊಟಕಾಗಿ ಚಳಿ ಹತ್ತಿರವಾದಂತೆ ಮರ ಅದನ್ನು ಹೊಸದಾಗಿ ತಯಾರಿಸುವುದನ್ನು ನಿಲ್ಲಿಸುತ್ತದೆ. ಹಳದಿ ಬಣ್ಣ ಎಲೆಯಲ್ಲಿ ಮೊದಲಿನಿಂದಲೂ ಇರುವಂಥದ್ದು. ಹಸುರು ಸರಿದಾಗ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಕೆಂಪು ಮಾತ್ರ ಆ ದಿನಗಳಲ್ಲಿ ಹೊಸದಾಗಿ ಹುಟ್ಟುವುದು. ನಾನು ಇದನ್ನು ವಿವರಿಸುತ್ತಿರುವಾಗ ನನ್ನಾಕೆ, "ಪಾಠ ಸಾಕು, ದಾರಿ ನೋಡಿ" ಎಂದಳು.

ಎಂಟು ಮೈಲಿ ಏರಿದ್ದು ಗೊತ್ತೇ ಆಗಲಿಲ್ಲ. ಉಗಿಬಂಡಿಗೆ ಕಡಿದಾದ ಏರು ಆಗದು. ಅದರ ಆ ದೌರ್ಬಲ್ಯವೇ ಅರವತ್ತು ದಾಟಿದ ಮಂಡಿಗಳಿಗೆ ವರ. ಏರಿನ ತುದಿಯಲ್ಲಿ, ರಸ್ತೆಯೊಂದರ ಅಡಿಯಲ್ಲಿ ಹಾಯುವ ಸಣ್ಣ ಮಾರ್ಗವಿದೆ. ಸಮುದ್ರಮಟ್ಟದಿಂದ 2,392 ಅಡಿ. ಇದು ಖಂಡದ ಪೂರ್ವ ಜಲವಿಭಾಜಕ. ಈ ಬದಿ ಬಿದ್ದ ಮಳೆ ಒಹಾಯೊ, ಮಿಸಿಸಿಪಿ ನದಿಗಳನ್ನು ಸೇರಿ ಮೆಕ್ಸಿಕೊ ಕೊಲ್ಲಿಗೆ ಹೋದರೆ, ಆ ಬದಿಯದು ಪೊಟೊಮ್ಯಾಕ್ ನದಿಯಾಗಿ ಅಟ್ಲಾಂಟಿಕ್‌ಗೆ. ದಾರಿಯ ಏರಿಳಿತವನ್ನು ಗ್ರಾಫಿನಂತೆ ಅಲ್ಲಿ ಚಿತ್ರಿಸಿದ್ದಾರೆ. ಗಣಿತದ ಮೇಷ್ಟ್ರಿಗೆ ಇನ್ನೇನು ಬೇಕು? ಇಲ್ಲಿಂದ ಕಂಬರ್ಲೆಂಡ್‌ಗೆ 24 ಮೈಲಿಯಲ್ಲಿ ಸುಮಾರು 1,770 ಅಡಿ ಇಳಿತ. ಸರಾಸರಿ 70 ಅಡಿಗೆ ಒಂದಡಿ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲುದಾರಿ 50ಕ್ಕೆ ಒಂದು, ಅಂದರೆ ಇನ್ನೂ ಕಡಿದು. 1996ರಲ್ಲಿ ಅಲ್ಲಿ ಮೀಟರ್ ಗೇಜ್ ಸಂಚಾರ ನಿಂತ ಮೇಲೆ, ಬ್ರಾಡ್ ಗೇಜ್ ರೈಲು ಓಡುವವರೆಗಿನ ವರ್ಷಗಳಲ್ಲಿ, ಕಾಲೇಜು ಹುಡುಗರು ಆ ಸುರಂಗಗಳಲ್ಲಿ ಟಾರ್ಚ್ ಹಿಡಿದು ನಡೆದದ್ದು ಓದುಗರಲ್ಲಿ ಕೆಲವರಿಗೆ ನೆನಪಿರಬಹುದು.

ಅಲ್ಲೇ ಕುಳಿತು ಚಪಾತಿ, ಚಟ್ನಿಪುಡಿ ಬಿಚ್ಚಿದೆವು. ನನ್ನಾಕೆ ನೆಲ ನೋಡುತ್ತ ಕೇಳಿದಳು: "ನಿಮಗೆ ಬೇಸರವಾಗಿರುವುದು ಅವನು ಬಿಡುತ್ತಾನೆ ಅಂತಲೋ, ಊರಲ್ಲಿ ಏನು ಹೇಳುವುದು ಅಂತಲೋ?"

ನಾನು ಉತ್ತರ ಕೊಡಲಿಲ್ಲ. ಉತ್ತರ ಗೊತ್ತಿದ್ದರಿಂದಲೇ ಕೊಡಲಿಲ್ಲ.

ಮುಂದೆ ಎರಡು ಮೈಲಿಯೊಳಗೆ ಬಿಗ್ ಸ್ಯಾವೇಜ್ ಸುರಂಗ. 3,294 ಅಡಿ, ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಒಳಗೆ ದೀಪಗಳಿವೆ, ಹಲ್ಲು ಕಟಕಟಿಸುವ ತಂಪಿದೆ. ಒಸರುವ ನೀರು ಹೆಪ್ಪುಗಟ್ಟಿ ಗೋಡೆ ಕೆಡಬಾರದೆಂದು ಚಳಿಗಾಲದಲ್ಲಿ ಇದರ ಬಾಗಿಲು ಮುಚ್ಚುತ್ತಾರೆ. ಆ ತುದಿಯಲ್ಲಿ ಹೊರಬಂದಾಗ ಮೇರಿಲ್ಯಾಂಡ್ ಕಡೆಯ ಬೆಟ್ಟಸಾಲುಗಳು ಒಂದರ ಹಿಂದೊಂದು ಬಿಚ್ಚಿಕೊಂಡಿದ್ದವು. ಇಬ್ಬರೂ ಹತ್ತು ನಿಮಿಷ ಸುಮ್ಮನೆ ನಿಂತೆವು. ಆಮೇಲೆ ಇಳಿತವೇ ಇಳಿತ. ಪೆಡಲ್ ತುಳಿಯುವ ಗೋಜಿಲ್ಲ. ಸ್ವಲ್ಪದರಲ್ಲೇ ಮೇಸನ್–ಡಿಕ್ಸನ್ ಗಡಿರೇಖೆ. ಎರಡು ಕುಟುಂಬಗಳ ಜಮೀನಿನ ಜಗಳ ತೀರಿಸಲು ಚಾರ್ಲ್ಸ್ ಮೇಸನ್ ಮತ್ತು ಜೆರೆಮಯ್ಯ ಡಿಕ್ಸನ್ 1763ರಿಂದ 1767ರವರೆಗೆ ನಕ್ಷತ್ರಗಳನ್ನು ನೋಡಿ ಅಳೆದು ಹಾಕಿದ ಗೆರೆ ಅದು. ಮುಂದೆ ಅಮೆರಿಕದ ಇತಿಹಾಸದಲ್ಲಿ ಗುಲಾಮಗಿರಿ ಇದ್ದ ದಕ್ಷಿಣಕ್ಕೂ ಇಲ್ಲದ ಉತ್ತರಕ್ಕೂ ಗಡಿಯೆಂದು ಹೆಸರಾಯಿತು. ನನ್ನಾಕೆ ಒಂದು ಕಾಲು ಆ ರಾಜ್ಯದಲ್ಲಿ, ಒಂದು ಕಾಲು ಈ ರಾಜ್ಯದಲ್ಲಿ ಇಟ್ಟು ಫೋಟೋ ತೆಗೆಸಿಕೊಂಡಳು.

ಬೋರ್ಡನ್ ಸುರಂಗ 957 ಅಡಿಯಷ್ಟೇ. ಆದರೆ ಒಳಗೆ ದೀಪವಿಲ್ಲ. ಬಾಡಿಗೆ ಸೈಕಲ್ಲಿನಲ್ಲೂ ದೀಪವಿರಲಿಲ್ಲ. ಕೇಳಿ ಪಡೆಯದ ತಪ್ಪು ನನ್ನದೇ. ಇಳಿದು, ಮೊಬೈಲಿನ ಬೆಳಕಿನಲ್ಲಿ ತಳ್ಳಿಕೊಂಡು ನಡೆದೆವು. ಕತ್ತಲೆಯಲ್ಲಿ ಮಾತು ಸಲೀಸು.

"ನಿನಗೆ ಮೊದಲೇ ಗೊತ್ತಿತ್ತಾ?"

"ಆರು ತಿಂಗಳಿಂದ. ರಾತ್ರಿ ನಿದ್ದೆ ಬರಲ್ಲಮ್ಮ ಅಂತ ಫೋನು ಮಾಡ್ತಿದ್ದ. ನೀವು ಮಲಗಿರುತ್ತಿದ್ದಿರಿ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಲು ಎರಡು ಸಲ ಬಂದೆ. ಎರಡು ಸಲವೂ ನೀವು ಯಾರಿಗೋ ಅವನ ವಿಷಯ ಹೇಳಿ ಹಿಗ್ಗುತ್ತಿದ್ದಿರಿ."

ಪಾಲಕರ ಸಭೆಗಳಲ್ಲಿ ಎಷ್ಟೋ ಅಪ್ಪಂದಿರಿಗೆ, ಹುಡುಗನ ಮಾತು ಸ್ವಲ್ಪ ಕೇಳಿ ಎಂದು ನಾನೇ ಬುದ್ಧಿ ಹೇಳಿದ್ದೆ. ಅವರಲ್ಲಿ ಒಬ್ಬರಾದರೂ ಆ ಸುರಂಗದಲ್ಲಿ ಸಿಕ್ಕಿದ್ದರೆ ನನಗೆ ಓಡಲು ಜಾಗವಿರಲಿಲ್ಲ.

ಫ್ರಾಸ್ಟ್‌ಬರ್ಗ್ ದಾಟಿದ ಮೇಲೆ ಪಕ್ಕದಲ್ಲೇ ಹಳಿ ಜೊತೆಗೂಡುತ್ತದೆ. ಕಂಬರ್ಲೆಂಡ್‌ನಿಂದ ಅಲ್ಲಿಗೆ ಪ್ರವಾಸಿಗರ ರೈಲು ಓಡಾಡುತ್ತದೆ. ಏರಲಾರದವರು ಸೈಕಲ್ಲನ್ನು ಅದರಲ್ಲಿ ಹಾಕಿಕೊಂಡು ಬಂದು ಇಳಿಯಬಹುದು. ಬ್ರಷ್ ಸುರಂಗದಲ್ಲಂತೂ ರೈಲಿಗೂ ಸೈಕಲ್ಲಿಗೂ ಒಂದೇ ಬಾಯಿ. ನಮ್ಮ ಪುಣ್ಯ, ಆಗ ರೈಲು ಬರಲಿಲ್ಲ.

ಕಂಬರ್ಲೆಂಡ್ ಮುಟ್ಟಿದಾಗ ಬಿಸಿಲು ಓರೆಯಾಗಿತ್ತು. ಇಲ್ಲಿಂದ ವಾಷಿಂಗ್ಟನ್ನಿಗೆ 184.5 ಮೈಲಿಯ ಹಳೆಯ ಕಾಲುವೆಯ ದಂಡೆಯ ಮೇಲೆ ಸೈಕಲ್ ದಾರಿ ಮುಂದುವರಿಯುತ್ತದೆ. ಆ ಕಾಲುವೆಯ ಕೆಲಸವೂ ಅದಕ್ಕೆ ಎದುರಾಳಿಯಾದ ಬಾಲ್ಟಿಮೋರ್–ಒಹಾಯೊ ರೈಲಿನ ಕೆಲಸವೂ ಶುರುವಾದದ್ದು ಒಂದೇ ದಿನ, 1828ರ ಜುಲೈ 4ರಂದು. ರೈಲು 1842ರಲ್ಲಿ ಈ ಊರು ತಲುಪಿತು. ಕಾಲುವೆ ಬಂದದ್ದು 1850ರಲ್ಲಿ. ಅಷ್ಟು ಹೊತ್ತಿಗೆ ಪಂದ್ಯ ಮುಗಿದಿತ್ತು.

ಮಗ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದ. ಕೈಯಲ್ಲಿ ಮೂರು ಲೋಟ ಕಾಫಿ. ಎರಡು ಆಗಲೇ ಆರಿದ್ದವು. "ಅಮ್ಮಾ, ಮಂಡಿ ನೋವಾಯ್ತಾ?" ಎಂದ. ನನ್ನನ್ನು ಏನೂ ಕೇಳಲಿಲ್ಲ. ನಾನು ಆರಿದ ಲೋಟವೊಂದನ್ನು ತೆಗೆದುಕೊಂಡು, "ಆ ಅರ್ಜಿ ಯಾವತ್ತು ಕೊಡಬೇಕು?" ಎಂದೆ.

"ಶುಕ್ರವಾರ."

"ದಾರಿಯಲ್ಲಿ ಹೇಳು. ಮೊದಲಿಂದ ಹೇಳು."

ಸೈಕಲ್ಲುಗಳನ್ನು ಕಾರಿನ ಹಿಂದೆ ಕಟ್ಟಿದೆವು. ನನ್ನಾಕೆ ಯಾರೂ ಹೇಳದೆ ಹಿಂದಿನ ಸೀಟಿನಲ್ಲಿ ಕುಳಿತು, ಹತ್ತು ನಿಮಿಷದಲ್ಲಿ ನಿದ್ದೆಹೋದಳು, ಅಥವಾ ಹೋದಂತೆ ನಟಿಸಿದಳು.