ಹೊಗೆ ಬರ್ತಿದೆಯಾ ನೋಡು

ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ ಮೊದಲು ಹುಡುಕುವುದು ಕಲ್ಲು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಉಳಿದ ಮಾತು. 1988ರ ಬೇಸಿಗೆ ರಜೆಯಲ್ಲಿ ಆ ಕೆಲಸ ನನ್ನದಾಗಿತ್ತು. ಅಪ್ಪನ ಕ್ಲೀನರ್ ಊರಿಗೆ ಹೋಗಿದ್ದ. ಎಂಟನೇ ಕ್ಲಾಸು ಮುಗಿಸಿದ್ದ ನಾನು ಅವನ ಜಾಗದಲ್ಲಿ ಕೂತಿದ್ದೆ. ಮಂಗಳೂರಿನಿಂದ ಹೆಂಚು ತುಂಬಿಕೊಂಡು ಹಾಸನಕ್ಕೆ ಹೊರಟಿದ್ದೆವು. ನಮ್ಮ ಗಾಡಿ ಯಾವ ಕಂಪನಿಯದೆಂದು ಹೇಳುವುದಿಲ್ಲ. ಆ ದಿನ ಅದರದ್ದೇನೂ ತಪ್ಪಿರಲಿಲ್ಲ.

ಗುಂಡ್ಯ ದಾಟಿ ಶಿರಾಡಿಯ ಏರು ಶುರುವಾದ ಮೇಲೆ ಇಂಜಿನ್ನಿನ ದನಿ ಬದಲಾಯಿತು. ಒಮ್ಮೆ ಎಳೆಯುತ್ತದೆ, ಒಮ್ಮೆ ಸೊರಗುತ್ತದೆ. ಅಪ್ಪ ಗೇರ್ ಇಳಿಸುತ್ತಾ ಬಂದರು. ಒಂದು ತಿರುವಿನಲ್ಲಿ ಅದು ಆಫ್ ಆಗಿಯೇಬಿಟ್ಟಿತು.

ಹಿಂದೆ ಬರುತ್ತಿದ್ದ ಎರಡು ಲಾರಿಗಳೂ ನಿಂತವು. ಒಂದು ಟಾಟಾ, ಒಂದು ಲೇಲ್ಯಾಂಡ್. 1969ರವರೆಗೆ ಟಾಟಾ ಲಾರಿಗಳ ಮೂತಿಯ ಮೇಲೆ ಬೆಂಜ್ ಕಂಪನಿಯ ನಕ್ಷತ್ರ ಇರುತ್ತಿತ್ತು. ನಕ್ಷತ್ರ ಹೋದರೂ ಹಳಬರ ಬಾಯಲ್ಲಿ ಅದು ‘ಬೆಂಜ್’ ಆಗಿಯೇ ಉಳಿದಿತ್ತು. ಇಬ್ಬರು ಡ್ರೈವರುಗಳೂ ಬೀಡಿ ಹಚ್ಚಿ ಶುರುಮಾಡಿದರು.

“ಬೆಂಜ್ ಆದ್ರೆ ಯಾವ ಊರಲ್ಲೂ ಸಾಮಾನು ಸಿಗುತ್ತೆ. ಹಳ್ಳಿ ಮೇಸ್ತ್ರಿನೂ ಬಿಚ್ಚಿ ಜೋಡಿಸ್ತಾನೆ.”

“ಲೇಲ್ಯಾಂಡ್ ಓಡೋದು ನಿಧಾನ ಇರ್ಬೋದು. ಲೋಡ್ ಹಾಕಿ ಏರು ಹತ್ಸಿ ನೋಡು, ಎತ್ತು ಇದ್ದಂಗೆ.”

ಜಗಳ ಮುಗಿಯುವ ಮೊದಲೇ ಬೆಂಜ್‌ನವರು ಸೈಲೆನ್ಸರ್ ಕಡೆ ಬಗ್ಗಿದರು. “ಅಣ್ಣಾ, ಒಂದ್ ಸೆಲ್ಫ್ ಹೊಡೀರಿ. ಹುಡುಗ, ಹೊಗೆ ಬರ್ತಿದೆಯಾ ನೋಡು.”

ಆಗಿನ ಮೇಸ್ತ್ರಿಗಳಿಗೆ ಹೊಗೆಯೇ ನಾಡಿ. ಕಪ್ಪು ಹೊಗೆಯಾದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಸೆಲ್ಫ್ ಹೊಡೆದರೂ ಹೊಗೆಯೇ ಇಲ್ಲವೆಂದರೆ ಡೀಸೆಲ್ ಇಂಜಿನ್ನಿಗೆ ಮುಟ್ಟುತ್ತಲೇ ಇಲ್ಲ.

“ಇಲ್ಲ” ಎಂದೆ.

“ಏರ್ ಹಿಡಿದಿದೆ” ಎಂದರು ಮೂವರೂ ಒಟ್ಟಿಗೆ.

ಫಿಲ್ಟರಿನ ಸ್ಕ್ರೂ ಸಡಿಲಿಸಿ ಅಪ್ಪ ಫೀಡ್ ಪಂಪನ್ನು ಕೈಯಿಂದ ಒತ್ತತೊಡಗಿದರು. ಬಿಳಿ ನೊರೆ ಬಂತು. ಎಷ್ಟು ಒತ್ತಿದರೂ ನೊರೆ ನಿಲ್ಲಲಿಲ್ಲ. ಎಲ್ಲಿಂದಲೋ ಗಾಳಿ ಸೇರುತ್ತಲೇ ಇತ್ತು. ಪೈಪುಗಳ ಮೇಲೆಲ್ಲ ಕೈಯಾಡಿಸಿದರೂ ಎಲ್ಲೂ ಪಸೆಯಿಲ್ಲ. ಪಂಪಿನಿಂದಾಚೆ ತೂತಾದರೆ ಡೀಸೆಲ್ ಹೊರಗೆ ಸೋರಿ ಕಾಣುತ್ತದೆ. ಪಂಪಿಗಿಂತ ಮೊದಲೇ ಸಂದು ಬಿಟ್ಟಿದ್ದರೆ ಪಂಪು ಎಳೆಯುವಾಗ ಗಾಳಿ ಒಳಗೆ ಹೋಗುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ.

ಅಪ್ಪನ ಕೈ ಪಂಪಿನ ಬುಡದ ಗಾಜಿನ ಬಟ್ಟಲಿನ ಹತ್ತಿರ ನಿಂತಿತು. ಹಿಂದಿನ ರಾತ್ರಿ ಕಸ, ನೀರು ಚೆಲ್ಲಿ ಅದನ್ನು ತೊಳೆದು, ಹೊಸ ವಾಷರ್ ಹಾಕಿ ಕೂರಿಸಿದವನು ನಾನು. ಬಟ್ಟಲು ಬಿಚ್ಚಿದರು. ವಾಷರ್ ಒಂದು ಕಡೆ ಮಡಚಿಕೊಂಡಿತ್ತು.

ಅಪ್ಪ ನನ್ನ ಮುಖ ನೋಡಿದರು. ಹೆಂಚಿನ ಭಾರ ಹೊತ್ತ ಲಾರಿ ಏರಿನಲ್ಲಿ ಆಫ್ ಆಗಿ ಬ್ರೇಕೂ ನಿಲ್ಲದಿದ್ದರೆ ಏನಾಗುತ್ತಿತ್ತೆಂದು ಆ ವಯಸ್ಸಿಗೂ ನನಗೆ ಗೊತ್ತಿತ್ತು. ಕೆಳಗೆ ಕೆಂಪುಹೊಳೆ.

“ವಾಷರ್ ಹಳೇದಾಗಿತ್ತು. ನಾನೇ ನೋಡ್ಕೋಬೇಕಿತ್ತು” ಎಂದು ಅಪ್ಪ ಅವರಿಬ್ಬರಿಗೆ ಹೇಳಿದರು.

ನೇರ ಮಾಡಿ ಕೂರಿಸಿ ಒತ್ತಿದಾಗ ನೊರೆ ನಿಂತು ತಿಳಿ ಡೀಸೆಲ್ ಬಂತು. ಸಕಲೇಶಪುರದಲ್ಲಿ ಟೀ ಕುಡಿಯುವಾಗ ಅಪ್ಪ ಹೇಳಿದ್ದು ಒಂದೇ ಮಾತು: “ಬಟ್ಟಲು ಕೂರಿಸಿದ ಮೇಲೆ ಸುತ್ತ ಒಂದ್ಸಲ ಬೆರಳಾಡಿಸು.”

ಈಗ ತಮ್ಮನ ಮಗ ಲಾರಿ ಓಡಿಸುತ್ತಾನೆ. 2020ರ ನಂತರದ ಬಿಎಸ್-6 ಗಾಡಿ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿದರೆ ಲ್ಯಾಪ್‌ಟಾಪ್ ಹಿಡಿದ ಹುಡುಗ ಬರಬೇಕು. “ಹೊಗೆ ಬರ್ತಿದೆಯಾ ನೋಡಿದ್ಯಾ?” ಎಂದು ಅಪ್ಪ ಫೋನಿನಲ್ಲಿ ಕೇಳಿದರೆ, “ಇದ್ರಲ್ಲಿ ಹೊಗೆ ಎಲ್ಲಿ ಕಾಣುತ್ತೆ ತಾತಾ” ಎಂದು ನಗುತ್ತಾನೆ. ಒಳ್ಳೆಯದೇ. ಆ ಕಪ್ಪು ಹೊಗೆಯನ್ನು ಕುಡಿದು ಬೆಳೆದವರು ನಾವು.

ಮೊನ್ನೆ ಅವನ ಫೋನ್ ಇಟ್ಟ ಮೇಲೆ ಧೈರ್ಯ ಮಾಡಿ, “ಅವತ್ತು ವಾಷರ್ ಹೊಸದೇ ಇತ್ತಲ್ಲಪ್ಪಾ” ಎಂದೆ.

“ಯಾವ ವಾಷರೋ, ಮರ್ತೇ ಹೋಗಿದೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆಮೇಲೆ ನೀನು ಒಂದಿನಾನೂ ಬೆರಳಾಡಿಸೋದು ಬಿಡ್ಲಿಲ್ಲ” ಎಂದರು.