ಖೈರಾತಿ ಯಾರ ಕಡೆಯವರು?

1884ರಲ್ಲಿ ಅಲಹಾಬಾದ್ ಹೈಕೋರ್ಟು ಖೈರಾತಿ ಎಂಬ ವ್ಯಕ್ತಿಯನ್ನು ಬಿಡುಗಡೆ ಮಾಡಿತು. ಮೊರಾದಾಬಾದ್ ಪೊಲೀಸರ ಕಣ್ಣು ಮೊದಲಿಂದಲೂ ಅವರ ಮೇಲಿತ್ತು. ಹೆಣ್ಣುಡುಗೆ ತೊಟ್ಟು ಒಂದು ಮನೆಯ ಹೆಂಗಸರ ನಡುವೆ ಕೂತು ಹಾಡುತ್ತಿದ್ದಾಗ ಹಿಡಿದರು. ಸಿವಿಲ್ ಸರ್ಜನ್ ಮೈ ಪರೀಕ್ಷಿಸಿದ. ಕೆಳಗಿನ ಕೋರ್ಟು ‘ನಿಸರ್ಗಕ್ಕೆ ವಿರುದ್ಧವಾದ’ ಸಂಭೋಗವನ್ನು ಅಪರಾಧವೆನ್ನುವ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 377ರ ಅಡಿ ಶಿಕ್ಷೆ ವಿಧಿಸಿತು. ಹೈಕೋರ್ಟಿನ ನ್ಯಾಯಮೂರ್ತಿ ಸ್ಟ್ರೈಟ್‌ಗೆ ಖೈರಾತಿಯ ಮೇಲೆ ಕನಿಕರವೇನೂ ಇರಲಿಲ್ಲ, ಅಧಿಕಾರಿಗಳ ಉದ್ದೇಶವನ್ನು ಮೆಚ್ಚಿಕೊಂಡೇ ಬರೆದರು. ಆದರೆ ಎಲ್ಲಿ, ಯಾವಾಗ, ಯಾರ ಜೊತೆ ಎಂಬುದೇ ತಿಳಿಯದಿರುವಾಗ ಅಪರಾಧ ಸಾಬೀತಾಗುವುದು ಹೇಗೆ ಎಂದು ಬಿಟ್ಟುಬಿಟ್ಟರು.

ಈ ಖೈರಾತಿಯನ್ನು ನಾನು ಎರಡು ಸಲ ತಪ್ಪಾಗಿ ಬರೆದಿದ್ದೇನೆ. ಮೊದಲ ಸಲ ಬಿಟ್ಟು, ಎರಡನೆಯ ಸಲ ಸೇರಿಸಿ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು 377ರಿಂದ ಹೊರಗಿಟ್ಟಾಗ ಬೆಂಗಳೂರಿನಲ್ಲಿ ನಾವು ಕೆಲವು ಗೆಳೆಯರು ಒಂದು ಕಿರುಪುಸ್ತಕ ತರಲು ಹೊರಟೆವು. ಎಲ್ಲವೂ ಇಂಗ್ಲಿಷಿನಲ್ಲೇ ಇದೆ, ದಾವಣಗೆರೆಯ ಹುಡುಗ ಏನು ಓದಬೇಕು ಎಂದು ವಾದಿಸಿದವನು ನಾನೇ. ಹಾಗಾಗಿ ಬರೆಯುವ ಕೆಲಸವೂ ನನ್ನ ತಲೆಗೇ ಬಂತು. ಹೆಸರು ‘ನಮ್ಮ ಇತಿಹಾಸ’. ಒಳಗಿದ್ದದ್ದು ಇಷ್ಟು: 1990ರಲ್ಲಿ ‘ಬಾಂಬೆ ದೋಸ್ತ್’ ಪತ್ರಿಕೆ, 1994ರಲ್ಲಿ ಬೆಂಗಳೂರಿನ ‘ಗುಡ್ ಆ್ಯಸ್ ಯೂ’ ಗುಂಪು, 1999ರ ಕೋಲ್ಕತ್ತಾ ಪ್ರೈಡ್ ನಡಿಗೆ, 2008ರ ಜೂನ್ 29ರಂದು ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆ, ಆಮೇಲೆ 2009, 2013, 2018ರ ತೀರ್ಪುಗಳು. ಕೊನೆಯ ತೀರ್ಪಿನ ಅರ್ಜಿದಾರರೆಂದು ಪತ್ರಿಕೆಗಳಲ್ಲಿ ರಾರಾಜಿಸಿದ ಐವರ ಪರಿಚಯವನ್ನು ಪ್ರೀತಿಯಿಂದ ಬರೆದೆ. ನೃತ್ಯ ಕಲಾವಿದ, ಪತ್ರಕರ್ತ, ಬಾಣಸಿಗೆ, ಹೋಟೆಲ್ ಉದ್ಯಮಿ, ಇನ್ನೊಬ್ಬ ಮಹಿಳಾ ಉದ್ಯಮಿ. ಅದೇ ಸೆಕ್ಷನ್ನಿನ ವಿರುದ್ಧ 2016ರಲ್ಲಿ ನಮ್ಮದೇ ಊರಿನ ಅಕ್ಕೈ ಪದ್ಮಶಾಲಿ ಮತ್ತು ಇನ್ನಿಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅದು ನನಗೆ ಗೊತ್ತಿತ್ತು, ಬರೆಯಲಿಲ್ಲ.

ಖೈರಾತಿಯೂ ಗೊತ್ತಿತ್ತು. 377ನ್ನು ಮೊದಲು ಸಡಿಲಿಸಿದ 2009ರ ದೆಹಲಿ ಹೈಕೋರ್ಟಿನ ನಾಜ್ ತೀರ್ಪಿನಲ್ಲಿ ಆ ಹಳೆಯ ಮೊಕದ್ದಮೆಯ ಪ್ರಸ್ತಾಪವಿದೆ. ಟಿಪ್ಪಣಿಯಲ್ಲಿ ಗುರುತು ಹಾಕಿಕೊಂಡಿದ್ದೆ. ಆಮೇಲೆ ‘ಇದು ಹಿಜಡಾ ಸಮುದಾಯದ ವಿಷಯ, ಅವರನ್ನು ಮೂರನೆಯ ಲಿಂಗವೆಂದು ಒಪ್ಪಿದ 2014ರ ನಾಲ್ಸಾ ತೀರ್ಪು ಇದೆಯಲ್ಲ’ ಎಂದು ಅಡ್ಡಗೆರೆ ಎಳೆದೆ. ಪುಟ ಸಾಲದು ಎಂಬ ನೆಪವನ್ನೂ ಗೆಳೆಯರಿಗೆ ಹೇಳಿದೆ.

ನಿಜವಾದ ಕಾರಣ ಪುಟದ್ದಲ್ಲ. ಹೈಸ್ಕೂಲಿನಲ್ಲಿ ನನ್ನ ನಡಿಗೆ ನೋಡಿ ಹುಡುಗರು ಚಕ್ಕಾ, ಖೋಜಾ ಎಂದು ಕೂಗುತ್ತಿದ್ದರು. ಎಷ್ಟೋ ವರ್ಷದ ಮೇಲೆ ಅಮ್ಮನ ಮುಂದೆ ಕೂತು ನನ್ನ ವಿಷಯ ಹೇಳುವಾಗಲೂ ಮೊದಲು ಬಾಯಿಂದ ಬಂದ ಮಾತು, “ಅಮ್ಮಾ, ನಾನು ಆ ಥರದವನಲ್ಲ. ಸೀರೆ ಉಡೋದು, ಚಪ್ಪಾಳೆ ತಟ್ಟೋದು ಅದೆಲ್ಲ ಇಲ್ಲ.” ಅಮ್ಮನಿಗೆ ಎಷ್ಟು ಅರ್ಥವಾಯಿತೋ ಕಾಣೆ, ಒಂದು ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರಿಗಾಗಿಯೇ ನಾನು ಹಾಗೆ ಹೇಳಿದ್ದು. ‘ನಮ್ಮ ಇತಿಹಾಸ’ದ ಪುಟಪುಟದಲ್ಲೂ ಅಮ್ಮನಿಗೆ ಹೇಳಿದ ಅದೇ ಮಾತಿತ್ತು, ತಾರೀಖುಗಳ ಮರೆಯಲ್ಲಿ.

ಅದನ್ನು ಹಿಡಿದವರು ಒಬ್ಬ ಹಿರಿಯ ಕೋತಿ (ಗಂಡಾಗಿ ಹುಟ್ಟಿ ಹೆಣ್ಣಿನ ನಡೆನುಡಿ ಇರುವವರು ತಮ್ಮನ್ನು ಕರೆದುಕೊಳ್ಳುವ ಹೆಸರು). ಪಾರ್ಕು, ಬಸ್‌ ನಿಲ್ದಾಣಗಳಲ್ಲಿ ಕಾಂಡೋಮ್ ಹಂಚುವ ಕೆಲಸದಲ್ಲಿ ಕೂದಲು ಬೆಳ್ಳಗಾದವರು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಪುಸ್ತಕವನ್ನು ಬೆರಳಿಟ್ಟು ನಿಧಾನ ಓದಿದರು.

“ಚೆನ್ನಾಗೈತೆ ಕಣಪ್ಪ. ಕಬ್ಬನ್ ಪಾರ್ಕಲ್ಲಿ ಲಾಠಿ ತಿಂದೋರು ಯಾವ ಪುಟದಲ್ಲವ್ರೆ?”

ನಾನು ಏನೋ ತೊದಲಿದೆ.

“ನಿನ್ನ ಎಷ್ಟು ಸಲ ಸ್ಟೇಷನ್ನಿಗೆ ಎತ್ತಾಕ್ಕೊಂಡ್ ಹೋಗಿದ್ರು?”

“ಒಂದು ಸಲಾನೂ ಇಲ್ಲ, ಅಕ್ಕ.”

“ಹ್ಞೂಂ,” ಎಂದು ಪುಸ್ತಕ ಮಡಚಿ ಚೀಲಕ್ಕೆ ಹಾಕಿಕೊಂಡರು. ಬೈದಿದ್ದರೆ ವಾದ ಮಾಡಬಹುದಿತ್ತು.

ಆಮೇಲೆ ಓದಲು ಕೂತೆ, ಈ ಸಲ ಅಡ್ಡಗೆರೆ ಎಳೆದ ಜಾಗಗಳನ್ನು. 2013ರಲ್ಲಿ 377ನ್ನು ಮತ್ತೆ ಜೀವಂತ ಮಾಡಿದ ಪೀಠ, 150 ವರ್ಷಗಳಲ್ಲಿ ಈ ಸೆಕ್ಷನ್ನಿನಡಿ ವಿಚಾರಣೆಗೆ ಒಳಗಾದವರು 200ಕ್ಕಿಂತ ಕಡಿಮೆ ಎಂದು ಹೇಳಿತ್ತು. ನಾವೆಲ್ಲ ಆ ಮಾತಿಗೆ ಕೆರಳಿದ್ದೆವು. ಆದರೆ ಆ ಲೆಕ್ಕದಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ನಾನು ಕೇಳಿಕೊಂಡಿರಲಿಲ್ಲ. 377 ಕೋರ್ಟಿಗಿಂತ ಹೆಚ್ಚಾಗಿ ಕೆಲಸ ಮಾಡಿದ್ದು ಪಾರ್ಕಿನ ಕತ್ತಲಲ್ಲಿ. ಪ್ಯಾಂಟು ಷರಟಿನ ನನ್ನಂಥವನು ಸಿಕ್ಕಿಬಿದ್ದರೆ ಪರ್ಸು, ವಾಚು ಕೊಟ್ಟು ಮನೆಗೆ ಓಡುತ್ತಿದ್ದ. ಕೋತಿಗಳು, ಹಿಜಡಾಗಳು ಠಾಣೆಗೆ ಹೋಗುತ್ತಿದ್ದರು, ಅದೂ ಬಹಳ ಸಲ ಸಾರ್ವಜನಿಕ ಕಿರಿಕಿರಿಯ ಯಾವುದೋ ಸಣ್ಣ ಕೇಸಿನ ಹೆಸರಿನಲ್ಲಿ. ಹಾಗಾಗಿ ಅವರು 377ರ ಲೆಕ್ಕಕ್ಕೇ ಬರಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ, ಮತ್ತೆ 2003ರಲ್ಲಿ ತಂದ ವರದಿಗಳಲ್ಲಿ ಇದೆಲ್ಲ ದಾಖಲಾಗಿದೆ. ಹಿಜಡಾಗಳು ನಡೆಸುವ ಸ್ನಾನಗೃಹಗಳಾದ ಹಮಾಮುಗಳಲ್ಲಿ, ರಸ್ತೆಯಲ್ಲಿ ದಂಧೆ ಮಾಡುತ್ತಿದ್ದವರ ಮಾತುಗಳು ಎರಡನೆಯದರಲ್ಲಿವೆ. ನಾಜ್ ತೀರ್ಪಿನಲ್ಲೇ 2004ರ ಬೆಂಗಳೂರಿನ ಘಟನೆಯೊಂದಿದೆ: ಹಿಜಡಾ ಒಬ್ಬರ ಮೇಲೆ ಗುಂಪು ಅತ್ಯಾಚಾರ, ಆಮೇಲೆ ಪೊಲೀಸ್ ಠಾಣೆಯಲ್ಲಿ ಬೆತ್ತಲು ಮಾಡಿ ಕಿಟಕಿಗೆ ಕೋಳ ಹಾಕಿ ಹಿಂಸೆ. ಆ ಮೈ ಕೊಟ್ಟ ಸಾಕ್ಷಿಯ ಮೇಲೆ ನನ್ನ ಬಿಡುಗಡೆಯ ವಾದ ನಿಂತಿತ್ತು. ವಾದ ಗೆದ್ದ ಮೇಲೆ ಸಾಕ್ಷಿ ಹೇಳಿದವರನ್ನು ಪುಸ್ತಕದಿಂದ ಹೊರಗೆ ಕಳಿಸಿದ್ದೆ.

ಇನ್ನೂ ಹಿಂದೆ ಹೋದರೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಅದರ ಎರಡನೆಯ ಭಾಗ ಹಿಜಡಾಗಳ ಹೆಸರನ್ನು ಠಾಣೆಯ ದಫ್ತರಿನಲ್ಲಿ ಬರೆಸಿತು. ಹಾಗೆ ಹೆಸರು ಏರಿದವರು ಹೆಣ್ಣುಡುಗೆ ತೊಟ್ಟು ಬೀದಿಗೆ ಬಂದರೆ, ಕುಣಿದು ಹಾಡಿದರೆ ಅಪರಾಧ. ಇದೆಲ್ಲ ಬ್ರಿಟಿಷರ ಕಾಲದ ಮಾತು ಎನ್ನುವಂತಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಸೇರಿಸಿ ಅಂಥದೇ ಪಟ್ಟಿ ಇಡುವ ಅಧಿಕಾರವನ್ನು ಬೆಂಗಳೂರಿನ ಪೊಲೀಸರಿಗೆ ಕೊಟ್ಟರು. ಆಗ ನಾನು ಇದೇ ಊರಿನಲ್ಲಿದ್ದೆ. ಗುರುವಿನಿಂದ ಚೇಲಾವರೆಗೆ ಎಲ್ಲರೂ ಬೀದಿಗಿಳಿದ ಆ ದಿನಗಳಲ್ಲಿ ನಾನೇನು ಮಾಡುತ್ತಿದ್ದೆನೋ ನೆನಪಿಲ್ಲ. ನೆನಪಿಲ್ಲ ಎಂದಮೇಲೆ ಏನೂ ಮಾಡಿರಲಿಕ್ಕಿಲ್ಲ.

ಎರಡನೆಯ ಮುದ್ರಣವನ್ನು ಪಶ್ಚಾತ್ತಾಪದ ಭರದಲ್ಲಿ ಬರೆದೆ. ಯಾರನ್ನೂ ಬಿಡಬಾರದೆಂದು ಎಲ್ಲರನ್ನೂ ಎಳೆದು ತಂದೆ. ಖೈರಾತಿ ‘377ಕ್ಕೆ ಸಿಕ್ಕಿದ ಮೊದಲ ಗೇ’ ಆದರು. ಮಹಾಭಾರತದ ಶಿಖಂಡಿ, ಬೃಹನ್ನಳೆ ಬಂದರು. 1987ರಲ್ಲಿ ಮದುವೆಯಾಗಿ ಕೆಲಸ ಕಳೆದುಕೊಂಡ ಮಧ್ಯಪ್ರದೇಶದ ಪೊಲೀಸ್ ಪೇದೆಗಳಾದ ಲೀಲಾ ಮತ್ತು ಊರ್ಮಿಳಾರನ್ನು, ಅವರು ತಮ್ಮನ್ನು ಏನೆಂದು ಕರೆದುಕೊಂಡರು ಎಂದು ನೋಡದೆಯೇ, ಲೆಸ್ಬಿಯನ್ ಹೋರಾಟಗಾರ್ತಿಯರು ಎಂದೆ. ಸವದತ್ತಿ ಎಲ್ಲಮ್ಮ ದೇವಿಗೆ ಮುತ್ತು ಕಟ್ಟಿಸಿಕೊಂಡು ಹೆಣ್ಣುಡುಗೆ ತೊಡುವ ಜೋಗಪ್ಪಂದಿರಿಗೆ (ಜೋಗತಿ ಎಂದೂ ಕರೆಯುತ್ತಾರೆ) ‘ಕರ್ನಾಟಕದ ಪ್ರಾಚೀನ ಎಲ್‌ಜಿಬಿಟಿ ಪರಂಪರೆ’ ಎಂಬ ತಲೆಬರಹ. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮಂಜಮ್ಮ ಜೋಗತಿಯವರ ಬಗ್ಗೆ ಒಂದು ಪುಟವಿತ್ತು. ಆ ಪುಟದಲ್ಲಿ ಜೋಗತಿ ಕುಣಿತದ ಬಗ್ಗೆ ಇದ್ದದ್ದು ಒಂದೇ ವಾಕ್ಯ.

ಗೆಳೆಯನೊಬ್ಬ ಆಗಲೇ ತಕರಾರು ತೆಗೆದ. ಇವನನ್ನು ಕೆಟ್ಟವನೆಂದು ತಿಳಿಯಬೇಡಿ. “ಟಿವಿಯಲ್ಲಿ ಲೈಂಗಿಕ ಅಲ್ಪಸಂಖ್ಯಾತರು ಅಂದ್ರೆ ತೋರಿಸೋದು ಅವರನ್ನೇ. ಮನೆಯವರ ಒತ್ತಾಯಕ್ಕೆ ಮದುವೆಯಾಗಿ, ಹೆಂಡತಿಗೂ ಹೇಳಲಾಗದೆ, ರಾತ್ರಿ ಸ್ನಾನದ ಮನೆಯಲ್ಲಿ ಅಳೋ ಗಂಡಸರು ಯಾವ ಕೋರ್ಟಿನ ದಾಖಲೆಯಲ್ಲೂ ಇಲ್ಲ. ಅವರ ಕತೆ ಯಾರು ಬರೀತಾರೆ?” ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಅಂಥ ಗಂಡಸರ ಕತೆಗೆ ಬೇರೆಯೇ ಪುಸ್ತಕ ಬೇಕು, ಈಗಲೂ ನನ್ನ ಅಭಿಪ್ರಾಯ ಅದೇ. ಅವನ ಮಾತನ್ನು ನಾನು ಸಂಕುಚಿತ ಬುದ್ಧಿ ಎಂದು ಅಂದು ತಳ್ಳಿಹಾಕಿದೆ. ಹೊಸದಾಗಿ ದೀಕ್ಷೆ ತೆಗೆದುಕೊಂಡವನ ಉತ್ಸಾಹ.

ಬಳ್ಳಾರಿ ಸೀಮೆಯ ಒಬ್ಬ ಜೋಗತಿಯ ಮನೆಗೆ ಪುಸ್ತಕ ಹಿಡಿದು ಹೋದೆ. ನನಗೆ ಶಹಬ್ಬಾಸ್‌ಗಿರಿ ಬೇಕಿತ್ತು. ಅವರದೇ ಪುಟವನ್ನು ಓದಿ ಹೇಳಿದೆ. ದೇವಿಯ ಪಡ್ಲಿಗೆ ಬುಟ್ಟಿಗೆ ಹೂ ಏರಿಸುತ್ತಾ ಕೇಳಿಸಿಕೊಂಡವರು ಕೊನೆಗೆ ಅಂದರು:

“ನನ್ನ ಕೇಳಲಾರದ ನನ್ನ ಲಗ್ನ ಯಾರ ಜೋಡಿ ಮಾಡಿದ್ಯೋ ತಮ್ಮಾ?”

ಮನೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಗಬೇಕಾಯಿತು.

“ನಾ ಅವ್ವನಾಕಿ. ಮುತ್ತು ಕಟ್ಟಿಸ್ಕೊಂಡಾಕಿ. ಬೆಂಗಳೂರಿನ ಹಿಜಡಾರು ನಿರ್ವಾಣ ಅಂತ ಆಪರೇಷನ್ ಮಾಡಿಸ್ಕೋತಾರ, ನಾವಂತೂ ಅದಕ್ಕ ಹೋಗಿಲ್ಲ. ಅವರ ದಾರಿ ಅವರ್ದು. ನೀ ಗೇ ಅಂತಿ, ಇರು, ನನ್ನ ತಕರಾರೇನೈತಿ? ನಿನ್ನ ಮ್ಯಾಲ ಕೇಸ್ ಹಾಕಿದ್ರ ಬಂದು ನಿಂದರ್ತೀನಿ. ಆದ್ರ ನಿನ್ನ ಮನಿ ಫೋಟೋದಾಗ ನನ್ನ ಯಾಕ ಎಳದು ನಿಂದರಸ್ತಿ?”

ವಾಪಸು ಬರುವ ರಾತ್ರಿ ಬಸ್ಸಿನಲ್ಲಿ ಸಿಟ್ಟು ಬಂದಿತ್ತು ನನಗೆ. ಬಿಟ್ಟರೂ ತಪ್ಪು, ಸೇರಿಸಿದರೂ ತಪ್ಪು ಎಂದರೆ ಏನು ಮಾಡಬೇಕು? ಚಿತ್ರದುರ್ಗ ದಾಟುವ ಹೊತ್ತಿಗೆ ಸಿಟ್ಟು ಇಳಿದು ಇನ್ನೊಂದು ಹೊಳೆಯಿತು. ಎರಡೂ ಸಲ ಪಟ್ಟಿ ಬರೆದವನು ನಾನೇ, ಯಾರನ್ನೂ ಕೇಳದೆ. ಮೊದಲು ನನ್ನ ಮರ್ಯಾದೆಗಾಗಿ ಅವರನ್ನು ದೂರವಿಟ್ಟೆ. ಆಮೇಲೆ ನಮ್ಮ ಸಂಖ್ಯೆ, ನಮ್ಮ ಪ್ರಾಚೀನತೆ ಹೆಚ್ಚಲಿ ಎಂದು ಒಳಗೆ ಕೂರಿಸಿದೆ. ಒಂದೇ ಕಾನೂನಿನ ಏಟು ತಿಂದವರೆಲ್ಲ ಒಂದೇ ಮನೆಯವರು ಎಂದುಕೊಂಡಿದ್ದೆ. ಜೋಗತಿ ಬಂದು ನಿಲ್ಲುತ್ತೇನೆ ಎಂದಿದ್ದರಲ್ಲ, ಅದಕ್ಕೆ ನನ್ನ ಮನೆಯವರಾಗಬೇಕೆಂಬ ಷರತ್ತು ಅವರಿಗೆ ಇರಲಿಲ್ಲ.

ಇದನ್ನು ಅಕ್ಕನಿಗೆ ಹೇಳಿದಾಗ ಅವರು ತಮ್ಮ ಲೆಕ್ಕ ಒಪ್ಪಿಸಿದರು. ಏಡ್ಸ್ ಯೋಜನೆ ಬಂದಾಗ ರಿಜಿಸ್ಟರಿನಲ್ಲಿ ಗಂಡಸರ ಜೊತೆ ಸಂಬಂಧವಿರುವ ಗಂಡಸು, ಅಂದರೆ ಎಂಎಸ್‌ಎಂ. ನಾಲ್ಸಾ ಬಂದ ಮೇಲೆ ಮೀಟಿಂಗುಗಳಲ್ಲಿ ಟ್ರಾನ್ಸ್‌ಜೆಂಡರ್, ಅಂದರೆ ಟಿಜಿ. “ನಿನ್ನ ಎರಡನೇ ಪುಸ್ತಕದಲ್ಲಿ ಗೇ ಆದೆ. ಊರಿಗೋದ್ರೆ ಇವತ್ತಿಗೂ ನಾನು ಮನೆಗೆ ದೊಡ್ಡ ಮಗ, ಅಪ್ಪನ ತಿಥಿ ನಾನೇ ಮಾಡ್ಬೇಕು.”

ಮೂರನೆಯ ಸಲ ಖೈರಾತಿಯ ಬಗ್ಗೆ ಬರೆದದ್ದು ಈ ಲೇಖನದ ಮೊದಲ ಪ್ಯಾರಾದಲ್ಲಿ ಇರುವಷ್ಟೇ. ಪೊಲೀಸರು ಏನು ಮಾಡಿದರು, ಡಾಕ್ಟರು ಏನು ಮಾಡಿದ, ಕೋರ್ಟು ಏನೆಂದಿತು. ಖೈರಾತಿ ತಮ್ಮನ್ನು ತಾವು ಏನೆಂದು ಕರೆದುಕೊಂಡರು ಎಂಬುದು ನನಗೆ ತಿಳಿಯಲಿಲ್ಲ, ಹಾಗಾಗಿ ನನ್ನ ಪುಟದಲ್ಲೂ ಇಲ್ಲ. ಜೋಗತಿಯರ ಪುಟ ತೆಗೆದೆ. ಪುಸ್ತಕದ ಹೆಸರನ್ನೂ ಬದಲಾಯಿಸಿ ‘377 ಮತ್ತು ಬೆಂಗಳೂರು’ ಎಂದಿಟ್ಟೆ. ಗೆಳೆಯರಲ್ಲಿ ಕೆಲವರಿಗೆ ಇದು ಸಪ್ಪೆ ಎನಿಸಿತು. “ಹಾಗಾದ್ರೆ ಖೈರಾತಿ ನಮ್ಮವರಾ, ಅಲ್ವಾ?” ಎಂದು ಈಗಲೂ ಕೇಳುತ್ತಾರೆ.

2023ರ ಅಕ್ಟೋಬರ್ 17ರಂದು ಮದುವೆಯ ತೀರ್ಪು ಬಂತು. ಸಲಿಂಗಿಗಳಿಗೆ ಮದುವೆಯ ಹಕ್ಕಿಲ್ಲ, ಆದರೆ ಗಂಡು-ಹೆಣ್ಣಿನ ಸಂಬಂಧದಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಈಗಿರುವ ಕಾನೂನಿನಡಿಯೇ ಮದುವೆಯಾಗಬಹುದು ಎಂದಿತು ಪೀಠ. ತಕರಾರಿನ ಗೆಳೆಯ ಅಂದು ಸಂಜೆಯೇ ಫೋನ್ ಮಾಡಿದ. “ನೋಡು, ಅವರಿಗೆ ಸಿಕ್ತು, ನಮಗಿಲ್ಲ. ಈಗಲಾದ್ರೂ ಬೇರೆ ಪುಸ್ತಕ ಬರಿ.” ಅಕ್ಕನಿಗೆ ಈ ಮಾತು ಮುಟ್ಟಿಸಿದೆ. “ಯಾರಿಗೆ ಸಿಕ್ತಂತೆ?” ಎಂದರು. “ಅರ್ಜಿ ಹಾಕಿ ಎಷ್ಟು ಕಾಲ ಆಯ್ತು, ನನ್ನ ಟಿಜಿ ಗುರುತಿನ ಕಾರ್ಡೇ ಇನ್ನೂ ಬಂದಿಲ್ಲ. ಕಾರ್ಡು ಬರಲಿ, ಆಮೇಲೆ ಗಂಡು ನೋಡಾಣ.”

ಇಬ್ಬರನ್ನೂ ಕೇಳಿ, ಅವರ ಮಾತುಗಳನ್ನು ಹೊಸ ಮುದ್ರಣದ ಕೊನೆಯ ಪುಟದಲ್ಲಿ ಒಂದರ ಕೆಳಗೆ ಒಂದು ಹಾಕಿದ್ದೇನೆ.