ಮೂವತ್ತಾರರಲ್ಲಿ ಒಂದು

ಬಸಿರಿನಲ್ಲಿ ಮಾಡಿಸುವ ಪರೀಕ್ಷೆಗಳು ಎರಡು ಬಗೆಯವು. ಒಂದು, ವೈದ್ಯರು ಬರೆದುಕೊಟ್ಟೊಡನೆ ತೋಳು ಚಾಚಿ ಮುಗಿಸುವಂಥವು: ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ. ಇವುಗಳಲ್ಲಿ ಏನೇ ಕಂಡರೂ ಅದಕ್ಕೊಂದು ಮದ್ದೋ ಪಥ್ಯವೋ ಎಚ್ಚರಿಕೆಯೋ ಇರುತ್ತದೆ. ಮಾಡಿಸುವುದೋ ಬಿಡುವುದೋ ಎಂಬ ಜಿಜ್ಞಾಸೆಗೆ ಎಡೆಯಿಲ್ಲ. ಇನ್ನೊಂದು ಬಗೆಯವು ಹುಟ್ಟಲಿರುವ ಮಗುವಿನ ಕುರಿತು ಏನನ್ನೋ ಹೇಳುತ್ತವೆ, ಹೇಳಿ ಸುಮ್ಮನಾಗುತ್ತವೆ. ಮುಂದಿನದು ನಮಗೆ ಬಿಟ್ಟದ್ದು. ಪುಣೆಯಲ್ಲಿ ನೆಲೆಸಿ ಮೊದಲ ಮಗುವಿನ ದಾರಿ ಕಾಯುತ್ತಿರುವ ನಾವು, ಗಂಡ ಹೆಂಡತಿ, ಕಳೆದ ಕೆಲವು ತಿಂಗಳಲ್ಲಿ ಈ ಎರಡನೆಯ ಬಗೆಯ ಪರೀಕ್ಷೆಗಳ ನಡುವೆ ಹೇಗೆ ನಡೆದೆವೆಂಬುದನ್ನು ಬರೆಯಹೊರಟಿದ್ದೇವೆ. ಇಬ್ಬರೂ ಕೂಡಿಯೇ ಬರೆಯುತ್ತಿದ್ದೇವೆ. ಸೂಜಿ ಚುಚ್ಚಿಸಿಕೊಂಡವರು ಒಬ್ಬರೇ ಎಂಬುದನ್ನು ಮಾತ್ರ ಮರೆತಿಲ್ಲ.

ಮೊದಲ ಭೇಟಿಯಲ್ಲಿ ವೈದ್ಯೆ ಕೇಳಿದ ಪ್ರಶ್ನೆಗಳಲ್ಲಿ ಒಂದು: "ನಾತ್ಯಾತ ಲಗ್ನ ಆಹೇ ಕಾ?" ಸಂಬಂಧದೊಳಗಿನ ಮದುವೆಯೇ ಎಂದು. ಹೌದೆಂದೆವು. ನಮ್ಮಲ್ಲೊಬ್ಬರಿಗೆ ಇನ್ನೊಬ್ಬರು ಸೋದರತ್ತೆಯ ಮಗಳು. ಆಕೆಗೆ ಈತ ಸೋದರಮಾವನ ಮಗ. ಧಾರವಾಡದ ಕಡೆ ಇದನ್ನು ಒಳಸಂಬಂಧವೆನ್ನುತ್ತಾರೆ, ಹಾಗೆನ್ನುವಾಗ ದನಿಯಲ್ಲಿ ಒಂದು ನೆಮ್ಮದಿಯಿರುತ್ತದೆ. ವೈದ್ಯೆ ಮಾತ್ರ ಕಡತದ ಮೂಲೆಯಲ್ಲಿ ಕೆಂಪು ಶಾಯಿಯಿಂದ ಒಂದು ಗುರುತು ಹಾಕಿಕೊಂಡರು. ಬೇಸರಪಡಲು ಕಾರಣವಿರಲಿಲ್ಲ. ಮಾಮನ ಮಗಳನ್ನು ತರುವ ರೂಢಿ ಮಹಾರಾಷ್ಟ್ರಕ್ಕೂ ಹೊಸದಲ್ಲ.

ಕನ್ನಡದ ನೆಂಟಸ್ತಿಕೆಯ ಮಾತುಗಳೇ ಇಂಥ ಮದುವೆಗೆ ಹಂದರ ಹಾಕಿಟ್ಟಿವೆ. ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ತಾಯಿಯ ತಮ್ಮನೂ ಮಾವ, ಹೆಂಡತಿಯ ತಂದೆಯೂ ಮಾವ. ನಮ್ಮ ಮದುವೆಯ ಮರುದಿನ ಯಾರನ್ನೂ ಹೊಸ ಹೆಸರಿನಿಂದ ಕರೆಯುವ ಪ್ರಮೇಯವೇ ಬರಲಿಲ್ಲ. ಇದೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆಯವರು 1953ರ ತಮ್ಮ ಗ್ರಂಥದಲ್ಲಿ ಉತ್ತರದ ಮದುಮಗಳು ಅಪರಿಚಿತರ ಮನೆಗೆ ಹೋಗುವುದನ್ನೂ ದಕ್ಷಿಣದವಳು ಬಲ್ಲವರ ನಡುವೆಯೇ ಉಳಿಯುವುದನ್ನೂ ಎದುರುಬದುರು ಇಟ್ಟು ನೋಡಿದ್ದಾರೆ. ಪರಸ್ಥಳದಲ್ಲಿ ಸಂಸಾರ ಹೂಡಿದ ನಮಗೆ ಈ ಬಲ್ಲವರೇ ದೊಡ್ಡ ಆಸರೆ. ಆದರೆ ಬಲ್ಲವರ ನಡುವೆ ಉಳಿಯುವುದು ಹೆಣ್ಣುಮಕ್ಕಳಷ್ಟೇ ಅಲ್ಲ, ವಂಶವಾಹಿಗಳೂ ಉಳಿಯುತ್ತವೆ.

ನಮ್ಮ ಮುಂದೆ ಮೊದಲು ಬಂದದ್ದು ಎಲ್ಲರ ಮುಂದೆಯೂ ಬರುವ ಪಟ್ಟಿಯೇ. ಹನ್ನೊಂದು ವಾರ ತುಂಬಿದ ಮೇಲೆ, ಹದಿನಾಲ್ಕು ತುಂಬುವುದರೊಳಗೆ, ಎನ್‌ಟಿ ಸ್ಕ್ಯಾನ್: ಮಗುವಿನ ಕತ್ತಿನ ಹಿಂದೆ ಚರ್ಮದಡಿ ನಿಂತ ದ್ರವದ ದಪ್ಪವನ್ನು ಅಳೆಯುವುದು. ಅದೇ ವೇಳೆಗೆ ತಾಯಿಯ ರಕ್ತದ ಡಬಲ್ ಮಾರ್ಕರ್. ಇವೆರಡನ್ನೂ ವಯಸ್ಸಿನೊಂದಿಗೆ ಕೂಡಿಸಿ ಗಣಕಯಂತ್ರವು ಡೌನ್ ಸಿಂಡ್ರೋಮ್, ಅಂದರೆ 21ನೆಯ ವರ್ಣತಂತು ಎರಡರ ಬದಲು ಮೂರಿರುವ ಸ್ಥಿತಿಯ ಸಂಭವವನ್ನು ಒಂದು ಅನುಪಾತವಾಗಿ ಕೊಡುತ್ತದೆ. ತಾಯಿಯ ವಯಸ್ಸು ಮೂವತ್ತಿದ್ದಾಗ ಈ ಸಂಭವ ಸುಮಾರು 900ಕ್ಕೆ ಒಂದು, ಮೂವತ್ತೈದಕ್ಕೆ 350ಕ್ಕೆ ಒಂದು, ನಲವತ್ತಕ್ಕೆ 100ಕ್ಕೆ ಒಂದು. ನಮಗೆ ಬಂದದ್ದು 1,420ಕ್ಕೆ ಒಂದು. ಪ್ರಯೋಗಾಲಯ 250ಕ್ಕೆ ಗೆರೆ ಎಳೆದಿತ್ತು; ನಾವು ಗೆರೆಯಿಂದ ಬಹಳ ದೂರದಲ್ಲಿದ್ದೆವು.

ಆದರೂ ಎನ್‌ಐಪಿಟಿ ಮಾಡಿಸಿಬಿಡಿ ಎಂಬ ಸಲಹೆ ಬಂತು. ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳಲ್ಲಿ ಮಗುವಿನ ಕಡೆಯವೂ ಒಂದಿಷ್ಟಿರುತ್ತವೆ. ಅವನ್ನೆಣಿಸಿ ವರ್ಣತಂತುಗಳ ಹೆಚ್ಚುಕಡಿಮೆಯನ್ನು ಊಹಿಸುವ ಪರೀಕ್ಷೆಯಿದು. ನಮಗೆ ಹೇಳಿದ ಬೆಲೆ 15,000 ರೂಪಾಯಿ. ಡೌನ್ ಸಿಂಡ್ರೋಮ್ ಇರುವ ನೂರು ಮಕ್ಕಳಲ್ಲಿ ತೊಂಬತ್ತೊಂಬತ್ತನ್ನು ಹಿಡಿಯುತ್ತದೆಂಬುದು ಸುಳ್ಳಲ್ಲ. ಆದರೆ ಹಿಡಿದದ್ದೆಲ್ಲ ನಿಜವೆಂದು ಇದರರ್ಥವಲ್ಲ. ಸಾವಿರ ಬಸುರಿಯರಲ್ಲಿ ಒಬ್ಬಳ ಮಗುವಿಗೆ ಈ ಸ್ಥಿತಿಯಿದೆಯೆನ್ನಿ. ಪರೀಕ್ಷೆ ಸಾವಿರಕ್ಕೊಮ್ಮೆ ಮಾತ್ರ ಸುಳ್ಳು ಗಂಟೆ ಬಾರಿಸುತ್ತದೆನ್ನಿ. ಆಗ ಗಂಟೆ ಎರಡು ಸಲ ಬಾರಿಸುತ್ತದೆ, ಒಂದು ನಿಜಕ್ಕೆ, ಒಂದು ಸುಳ್ಳಿಗೆ. ಯಾವುದು ಯಾವುದೆಂದು ತಿಳಿಯಲು ಗರ್ಭದ ನೀರನ್ನೇ ಸೂಜಿಯಿಂದ ತೆಗೆದು ನೋಡಬೇಕು. ಇಷ್ಟನ್ನು ತಿಳಿದ ಮೇಲೆ ಎನ್‌ಐಪಿಟಿ ಬೇಡವೆಂದೆವು. ಕೌಂಟರಿನಲ್ಲಿದ್ದಾಕೆ, ಮಗುವಿಗಿಂತ ದುಡ್ಡು ಹೆಚ್ಚೇ ಎಂಬಂತೆ ನೋಡಿದಳು. ಆ ನೋಟವೂ ಇಂದಿನ ಆಸ್ಪತ್ರೆಗಳ ವ್ಯಾಪಾರದ ಒಂದು ಸಲಕರಣೆಯೆಂದು ನಾವು ಭಾವಿಸಿದ್ದೇವೆ.

ಇಲ್ಲಿಗೆ ಮುಗಿಯಬಹುದಿತ್ತು. ಕೆಂಪು ಶಾಯಿಯ ಗುರುತು ನೋಡಿ ನಮ್ಮನ್ನು ಒಬ್ಬ ತಳಿಶಾಸ್ತ್ರ ಸಲಹೆಗಾರರ ಬಳಿ ಕಳಿಸಿದರು. ಅವರು ಮೊದಲು ಹೇಳಿದ್ದೇ, ನಾವು ಆವರೆಗೆ ಮಾಡಿಸಿದ ಪರೀಕ್ಷೆಗಳಿಗೂ ನಮ್ಮ ಒಳಸಂಬಂಧಕ್ಕೂ ನಂಟಿಲ್ಲವೆಂಬುದು. ವರ್ಣತಂತು ಮೂರಾಗುವುದು ಯಾರ ಮಗುವಿನಲ್ಲೂ ಆಗಬಹುದಾದ ಆಕಸ್ಮಿಕ. ಸಂಬಂಧದೊಳಗಿನ ಮದುವೆಯಲ್ಲಿ ಹೆಚ್ಚುವುದು ಬೇರೆಯದು: ಇಬ್ಬರೂ ಒಂದೇ ಅಜ್ಜ ಅಜ್ಜಿಯಿಂದ ಪಡೆದು ತಮಗೇ ತಿಳಿಯದೆ ಹೊತ್ತ ದೋಷವೊಂದು ಮಗುವಿನಲ್ಲಿ ಜೋಡಿಯಾಗುವುದು. ಥಲಸೇಮಿಯಾ ಆ ಬಗೆಯದು. ಅದಕ್ಕೆ ಅಗ್ಗದ ರಕ್ತಪರೀಕ್ಷೆಯಿದೆ. ಮಾಡಿಸಿದೆವು, ಏನೂ ಇರಲಿಲ್ಲ. ಮಿಕ್ಕವಕ್ಕೆ ಅವರು ಕೇಳಿದ್ದು ರಕ್ತವನ್ನಲ್ಲ, ಮನೆತನದ ಕಥೆಯನ್ನು. ಹಾಳೆಯ ಮೇಲೆ ಚೌಕ ಗಂಡಸು, ವೃತ್ತ ಹೆಂಗಸು. ವಂಶವೃಕ್ಷ ಬರೆಯುತ್ತ ಹೋದಂತೆ ಒಂದು ವೃತ್ತದ ಬಳಿ ನಿಂತೆವು.

ನಮ್ಮಲ್ಲೊಬ್ಬರಿಗೆ ಆಕೆ ಕಿರಿಯ ಅತ್ತೆ, ಇನ್ನೊಬ್ಬರಿಗೆ ಚಿಗವ್ವ. ಇಲ್ಲಿ ಚಿಗವ್ವ ಎಂದೇ ಕರೆಯುತ್ತೇವೆ. ಆಕೆಗೆ ಕಿವಿ ಕೇಳಿಸುವುದಿಲ್ಲ, ಮಾತೂ ಬಾರದು. ಧಾರವಾಡದ ಮನೆಯ ಪಡಸಾಲೆಯಲ್ಲಿ ಆಕೆಯ ಹೊಲಿಗೆ ಯಂತ್ರವಿದೆ. ಓಣಿಯ ಅರ್ಧದಷ್ಟು ಕುಬಸಗಳು ಆಕೆ ಹೊಲಿದವು. ಯಂತ್ರ ಎಲ್ಲಿ ತಡೆಯುತ್ತಿದೆಯೆಂಬುದು ಹಲಗೆಗೆ ಅಂಗೈ ಹಚ್ಚಿದರೆ ಆಕೆಗೆ ತಿಳಿಯುತ್ತದೆ. ಮಕ್ಕಳಾಗಿದ್ದಾಗ ನಮಗಿಬ್ಬರಿಗೂ ಆಕೆಯ ಸನ್ನೆಗಳು ಮಾತಿನಷ್ಟೇ ಸಹಜವಾಗಿದ್ದವು. ಆಕೆ ಸುಖಿ ಎಂದು ಬರೆದುಬಿಡುವುದು ಸುಲಭ. ಆಕೆಗೆ ಮದುವೆಯಾಗಲಿಲ್ಲ; ಮಾಡಲಿಲ್ಲವೆಂಬುದೇ ಹೆಚ್ಚು ಸರಿ. ಎರಡನೆಯ ಇಯತ್ತೆಯಲ್ಲಿ ಶಾಲೆ ಬಿಡಿಸಿದರು. ಕೇಳುವ ಯಂತ್ರ ಆಕೆಯ ಕಿವಿಗೆ ಎಂದೂ ಬರಲಿಲ್ಲ.

ಊರಿಗೆ ಫೋನು ಮಾಡಿ ಕೇಳಿದೆವು. ಒಬ್ಬರಿಗೆ ತಾಯಿಯೂ ಒಬ್ಬರಿಗೆ ಅತ್ತೆಯೂ ಆದವರು ಹೇಳಿದರು: "ಹುಟ್ಟಾ ಕಿವುಡಿ ಅಲ್ಲವಾ ಆಕಿ. ಸಣ್ಣಾಕಿ ಇದ್ದಾಗ ಜ್ವರಾ ಬಂದು ಹೋತಂತ ಕಿವಿ." ಎರಡು ದಿನ ಬಿಟ್ಟು ಆ ಮನೆಯ ಹಿರಿಯ ಮಗಳು, ಎಂಬತ್ತರ ಸಮೀಪದಾಕೆ, ತಾನಾಗಿ ಫೋನು ಮಾಡಿದಳು. "ಜ್ವರಾ ಗಿರಾ ಏನಿಲ್ಲ ತಮ್ಮಾ. ಕೂಸಿದ್ದಾಗಿಂದನೂ ಗಂಗಾಳ ಬಿದ್ರ ಹೊಳ್ಳಿ ನೋಡ್ತಿದ್ದಿಲ್ಲ. ನಮ್ಮ ಲಗ್ನಾ ಆಗಬೇಕಿತ್ತಲ್ಲ, ಅದಕ್ಕ ಅವ್ವ ಜ್ವರದ ಕಥಿ ಕಟ್ಟಿದ್ಲು." ಜ್ವರದಿಂದ ಹೋದ ಕಿವಿ ರಕ್ತದ್ದಲ್ಲ. ಅಜ್ಜಿಗೆ ತಳಿಶಾಸ್ತ್ರ ತಿಳಿದಿರಲಿಲ್ಲ, ಆದರೆ ಹೆಣ್ಣು ನೋಡಲು ಬರುವವರು ಏನು ಲೆಕ್ಕ ಹಾಕುತ್ತಾರೆಂಬುದು ಚೆನ್ನಾಗಿ ತಿಳಿದಿತ್ತು. ಅಜ್ಜ ಅಜ್ಜಿಯ ಮದುವೆಯೂ ಒಳಸಂಬಂಧವೇ. ಆತ ಆಕೆಯ ಸೋದರಮಾವ.

ಸಲಹೆಗಾರರು ಹಾಳೆಯ ಕೆಳಗೆ ಲೆಕ್ಕ ಬರೆದರು. ಈ ಕಿವುಡು ಅಜ್ಜ ಅಜ್ಜಿ ಇಬ್ಬರಿಂದಲೂ ಬಂದದ್ದೆಂದು ಹಿಡಿದರೆ, ಚಿಗವ್ವನ ಕೇಳಬಲ್ಲ ಒಡಹುಟ್ಟಿದವರು ಪ್ರತಿಯೊಬ್ಬರೂ ಅದನ್ನು ಹೊತ್ತಿರುವ ಸಂಭವ ಮೂರರಲ್ಲಿ ಎರಡು. ಅವರ ಮಕ್ಕಳಾದ ನಮ್ಮಲ್ಲಿ ಒಬ್ಬೊಬ್ಬರಿಗೂ ಮೂರರಲ್ಲಿ ಒಂದು. ಇಬ್ಬರೂ ಹೊತ್ತಿರುವುದು ಒಂಬತ್ತರಲ್ಲಿ ಒಂದು. ಇಬ್ಬರೂ ಹೊತ್ತಿದ್ದರೆ ಮಗುವಿಗೆ ಬರುವುದು ನಾಲ್ಕರಲ್ಲಿ ಒಂದು. ಒಟ್ಟು, ಮೂವತ್ತಾರರಲ್ಲಿ ಒಂದು.

1,420ಕ್ಕೆ ಒಂದರ ಹಿಂದೆ ಸ್ಕ್ಯಾನು, ರಕ್ತ, ಗಣಕಯಂತ್ರ, ಹದಿನೈದು ಸಾವಿರದ ಸಲಹೆ. ಮೂವತ್ತಾರಕ್ಕೆ ಒಂದರ ಬಗ್ಗೆ ಆ ಪಟ್ಟಿಯಲ್ಲಿ ಒಂದಕ್ಷರವೂ ಇಲ್ಲ. ಪಟ್ಟಿಯ ತಪ್ಪಲ್ಲ, ಅದು ಎಲ್ಲರಿಗಾಗಿ ಮಾಡಿದ್ದು, ನಮಗಾಗಿ ಅಲ್ಲ.

ಪರೀಕ್ಷೆ ಸಾಧ್ಯವಿತ್ತು. ಹುಟ್ಟು ಕಿವುಡಿಗೆ ಕಾರಣವಾಗುವ ವಂಶವಾಹಿಗಳಲ್ಲಿ ಜಿಜೆಬಿ2 ಎಂಬುದು ಪ್ರಮುಖ. ಮೊದಲು ಚಿಗವ್ವನ ರಕ್ತ ತೆಗೆದು ಅಲ್ಲಿ ದೋಷ ಯಾವುದೆಂದು ಗುರುತಿಸಬೇಕು, ಆಮೇಲೆ ಅದನ್ನು ನಮ್ಮಿಬ್ಬರಲ್ಲಿ ಹುಡುಕಬೇಕು, ಇಬ್ಬರಲ್ಲೂ ಸಿಕ್ಕರೆ ಹದಿನೈದು ವಾರದ ನಂತರ ಗರ್ಭದ ನೀರು ತೆಗೆಯಬೇಕು. ನಮ್ಮಲ್ಲೊಬ್ಬರಿಗೆ ತಿಳಿದುಕೊಳ್ಳುವುದೇ ಮೇಲೆನಿಸಿತು: ಸಿದ್ಧರಾಗಿರಬಹುದಲ್ಲ. ಇನ್ನೊಬ್ಬರಿಗೆ, ಸಿದ್ಧತೆಗೆ ಸೂಜಿಯೇಕೆ ಎನಿಸಿತು. ವಾರವಿಡೀ ವಾದ ನಡೆಯಿತು. ಕೊನೆಗೆ ಊರಿಗೆ ಕೇಳಿದಾಗ ಬಂದ ಉತ್ತರ: "ಆಕಿಗೆ ಏನಂತ ಹೇಳಿ ರಕ್ತಾ ತಗೋತೀರಿ?"

ಅದಕ್ಕೆ ನಮ್ಮಲ್ಲಿ ಸನ್ನೆಯಿರಲಿಲ್ಲ. ನಿನ್ನಂಥ ಮಗು ಹುಟ್ಟುತ್ತದೋ ನೋಡಲು ನಿನ್ನ ರಕ್ತ ಬೇಕು ಎಂಬುದನ್ನು ಯಾವ ಮಾತಿನಲ್ಲಿ ಹೇಳಿದರೂ ಅದರ ಅರ್ಥ ಆಕೆಗೆ ತಪ್ಪದೆ ತಿಳಿಯುತ್ತಿತ್ತು. ಮತ್ತು ಉತ್ತರ ಏನೇ ಬಂದರೂ ಈ ಬಸಿರನ್ನು ನಾವು ಮುಂದುವರಿಸುವವರೇ ಎಂಬುದು ಅಷ್ಟರಲ್ಲಿ ಇಬ್ಬರಿಗೂ ಸ್ಪಷ್ಟವಾಗಿತ್ತು. ಪರೀಕ್ಷೆ ಕೈಬಿಟ್ಟೆವು.

ಆದರೆ ಇಲ್ಲೊಂದು ಗಂಟಿದೆ, ಅದನ್ನು ಬಿಡಿಸಿದ್ದೇವೆಂದು ಹೇಳಲಾರೆವು. ಡೌನ್ ಸಿಂಡ್ರೋಮ್‌ಗೆ ಪರೀಕ್ಷೆ ಬೇಕೆಂದವರು ನಾವೇ. ಅನುಪಾತ ಗೆರೆ ದಾಟಿದ್ದರೆ ಮುಂದೆ ಏನು ಮಾಡುತ್ತಿದ್ದೆವೆಂಬುದಕ್ಕೆ ಇಬ್ಬರ ಉತ್ತರ ಇಂದಿಗೂ ಒಂದಾಗಿಲ್ಲ. ಒಂದಕ್ಕೆ ಬೇಕು, ಇನ್ನೊಂದಕ್ಕೆ ಬೇಡ. ಈ ಭೇದ ಯಾವ ತತ್ತ್ವದಿಂದ ಬಂದದ್ದು? ಕಿವುಡು ಹಗುರ, ಅದು ಭಾರ ಎಂಬ ತೂಕದಿಂದಲೋ? ನಮಗನಿಸುವುದು ಬೇರೆ. ಕಿವುಡರಲ್ಲಿ ಒಬ್ಬಾಕೆಯನ್ನು ನಾವು ಬಲ್ಲೆವು. ಡೌನ್ ಸಿಂಡ್ರೋಮ್ ಇರುವ ಯಾರನ್ನೂ ಹತ್ತಿರದಿಂದ ಬಲ್ಲವರಲ್ಲ. ನಮ್ಮ ಓಣಿಯಲ್ಲಿ ಅಂಥ ಮಗುವೊಂದು ಬೆಳೆದಿದ್ದರೆ ಮೊದಲ ಪಟ್ಟಿಯನ್ನೂ ಬೇರೆ ಕಣ್ಣಿನಿಂದ ಓದುತ್ತಿದ್ದೆವೇನೋ.

ಕಾಲದ ಮಾತನ್ನೂ ಹೇಳಬೇಕು, ಏಕೆಂದರೆ ಈ ಆಲೋಚನೆಗಳಿಗೆ ಹೊರಗಿನಿಂದ ಗಡುವು ಬೀಳುತ್ತದೆ. 1971ರ ಕಾಯಿದೆಯಲ್ಲಿ ಗರ್ಭಪಾತದ ಮಿತಿ 20 ವಾರ. ಅಂಗಾಂಗಗಳನ್ನು ವಿವರವಾಗಿ ನೋಡುವ ಅನಾಮಲಿ ಸ್ಕ್ಯಾನ್ ನಡೆಯುವುದು 18ರಿಂದ 20ನೆಯ ವಾರದ ಸುಮಾರಿಗೆ. 2008ರಲ್ಲಿ ಮಗುವಿನ ಹೃದಯದ ದೋಷ ತಡವಾಗಿ ತಿಳಿದ ದಂಪತಿಯೊಬ್ಬರಿಗೆ ಮುಂಬಯಿ ಉಚ್ಚ ನ್ಯಾಯಾಲಯ ಅನುಮತಿ ನಿರಾಕರಿಸಿದ್ದು ಇಲ್ಲಿಯವರಿಗೆ ನೆನಪಿದೆ. 2021ರ ತಿದ್ದುಪಡಿಯ ನಂತರ, ಕೆಲವು ವರ್ಗದವರಿಗೆ ಮಿತಿ 24 ವಾರ. ಭ್ರೂಣದ ವೈಕಲ್ಯ ಗಣನೀಯವೆಂದು ವೈದ್ಯಕೀಯ ಮಂಡಳಿ ಹೇಳಿದರೆ ಆ ಮಿತಿಯೂ ಅಡ್ಡ ಬಾರದು. ನಾವು ಹತ್ತೊಂಬತ್ತನೆಯ ವಾರದಲ್ಲಿ ಸ್ಕ್ಯಾನ್ ಮಾಡಿಸಿದೆವು. ಮೊದಲು ಎಫ್ ನಮೂನೆಗೆ ಸಹಿ. ಲಿಂಗ ಪತ್ತೆ ಅಪರಾಧವೆಂಬ ಮರಾಠಿ ಫಲಕ ಎದುರಿಗೇ. ವೈಕಲ್ಯ ತಿಳಿಯಲೆಂದು ಬಂದ ತಂತ್ರ ಹೆಣ್ಣುಮಕ್ಕಳನ್ನು ಅಳಿಸಲು ಬಳಕೆಯಾದ ಮೇಲೆ, 1988ರಲ್ಲಿ ಮಹಾರಾಷ್ಟ್ರವೇ ಮೊದಲು ಇದನ್ನು ತಡೆಯುವ ಕಾನೂನು ಮಾಡಿತು. 1994ರಲ್ಲಿ ಅದು ದೇಶದ್ದಾಯಿತು. ಹೃದಯದ ನಾಲ್ಕು ಕೋಣೆ, ಬೆನ್ನುಮೂಳೆ, ತುಟಿ, ಮೂತ್ರಪಿಂಡ, ಎಲ್ಲ ಸರಿಯಿದ್ದವು. ಕಿವಿಯ ಆಕಾರವನ್ನೂ ಕಂಡೆವು. ಕೇಳುವುದು ಪರದೆಯ ಮೇಲೆ ಕಾಣುವಂಥದಲ್ಲ.

ಅದನ್ನು ಹೆರಿಗೆಯ ನಂತರ ಕಾಣಬಹುದು, ಸೂಜಿಯಿಲ್ಲದೆ. ಮಲಗಿದ ಕೂಸಿನ ಕಿವಿಯಲ್ಲಿ ಸಣ್ಣದೊಂದು ಮೊನೆಯಿಟ್ಟು ಮೆಲ್ಲನೆಯ ಸದ್ದು ಕಳಿಸಿ ಒಳಗಿವಿಯ ಮರುದನಿಯನ್ನು ಅಳೆಯುವ ಓಎಇ ತಪಾಸಣೆ ಕೆಲವೇ ನಿಮಿಷದ್ದು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿದಾನ, ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ಮಾತಿನ ತರಬೇತಿ ಎಂಬುದು ತಜ್ಞರು ಒಪ್ಪಿದ ಕ್ರಮ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸದಲ್ಲಿದೆ. ಅಷ್ಟು ಬೇಗ ತಿಳಿದರೆ ಮಗುವಿನ ಬದುಕು ಚಿಗವ್ವನ ಬದುಕಿನಂತಾಗಬೇಕಿಲ್ಲ ಎಂದು ಸಲಹೆಗಾರರು ಹೇಳಿದರು. ಆ ಮಾತು ನಮಗೆ ಹಿತವಾಯಿತು, ಸ್ವಲ್ಪ ಚುಚ್ಚಿತು ಕೂಡ.

ಬಾಣಂತನ ತವರಿನಲ್ಲಿ. ಹೆರಿಗೆಗೆ ಗೊತ್ತು ಮಾಡಿದ ಆಸ್ಪತ್ರೆಯಲ್ಲಿ ಆ ಯಂತ್ರವಿಲ್ಲವೆಂದು ತಿಳಿದು ಹುಬ್ಬಳ್ಳಿಯಲ್ಲಿ ವಿಚಾರಿಸಿಟ್ಟಿದ್ದೇವೆ. ಏಳನೆಯ ತಿಂಗಳ ಕುಬಸಕ್ಕೆ ಹೋದಾಗ ಚಿಗವ್ವನಿಗೆ ಇಷ್ಟನ್ನು ಮಾತ್ರ ಸನ್ನೆಯಲ್ಲಿ ತಿಳಿಸಿದೆವು: ಕೂಸು, ಕಿವಿ, ಒಂದು ತಿಂಗಳು, ಹುಬ್ಬಳ್ಳಿ. ಆಕೆ ಹೊಲಿಗೆ ನಿಲ್ಲಿಸಿ ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದಳು, ಯಾವ ದಿನವೆಂದು ಕೇಳಿದಳು, ತಾನೂ ಬರುವೆನೆಂದಳು.